ಉಪವಾಸ ಮುಗಿಯುವುದು ಯಾವಾಗ?



ಈ ಸಂಜೆ ಟೋಕಿಯೊದಲ್ಲಿ ನಾವು ಉಂಡ ಇಥಿಯೋಪಿಯದ ಶಿರೋ, ಉತ್ತರ ಕರ್ನಾಟಕದ ಜುಣಕದ ದೂರದ ನೆಂಟ. ಹುರಿದ ಕಡಲೆಗೆ ಮಸಾಲೆ ಬೆರೆಸಿ ಬೀಸಿದ ಹಿಟ್ಟು ಅದರ ಮೂಲ. ಸಣ್ಣಗೆ ಹೆಚ್ಚಿದ ಈರುಳ್ಳಿಯನ್ನು ಮೊದಲು ಎಣ್ಣೆಯಿಲ್ಲದೆ, ನೀರಾರುವವರೆಗೆ ಬಾಡಿಸಬೇಕು. ಅನಂತರ ಎಣ್ಣೆ, ಬೆಳ್ಳುಳ್ಳಿ, ಬೆರ್ಬೆರೆ ಎಂಬ ಮೆಣಸಿನಕಾಯಿ ಮಸಾಲೆ. ಹಾಕಿದ ನೀರು ಕುದಿ ಬಂದಾಗ ಹಿಟ್ಟು ಉದುರಿಸಿ, ಗಂಟಾಗದಂತೆ ಕೈಯಾಡಿಸುತ್ತಿರಬೇಕು. ಉಳಿದ ದಿನ ಮಸಾಲೆ ತುಪ್ಪ ಬೀಳುವ ಪಾತ್ರೆಗೆ ಉಪವಾಸದ ದಿನ ಬರಿಯ ಎಣ್ಣೆ.

ಇದನ್ನು ಕಲಿಸಿದವರು ಕತ್ಸುಷಿಕಾ ವಾರ್ಡಿನಲ್ಲಿರುವ ಇಥಿಯೋಪಿಯದ ಗೆಳತಿ. ಆ ವಾರ್ಡಿನ ಯೊತ್ಸುಗಿಯ ಸುತ್ತ ಅವರ ನಾಡಿನವರ ಸಮುದಾಯವೊಂದು ನೆಲೆಸಿದೆ. ನಮ್ಮಲ್ಲಿ ಅನೇಕರು ಮಾಂಸ ಮುಟ್ಟುವುದಿಲ್ಲವೆಂದು ನಾನು ಹೇಳಿದಾಗ ಅವರು ಸಹಜವಾಗಿ ಕೇಳಿದರು: "ಹಾಗಾದರೆ ಅವರ ಉಪವಾಸ ಮುಗಿಯುವುದು ಯಾವಾಗ?"

ನನಗೆ ಉತ್ತರ ಹೊಳೆಯಲಿಲ್ಲ.

ಇಥಿಯೋಪಿಯದ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಮತ್ತು ಈಸ್ಟರಿಗೆ ಮುಂಚಿನ 55 ದಿನ ಮಾಂಸ, ಹಾಲು, ಮೊಟ್ಟೆಗಳನ್ನು ತೊರೆಯುತ್ತಾರೆ. ಈಸ್ಟರಿನಂದು ಅದೇ ಮನೆಯಲ್ಲಿ ಕೋಳಿ ಬೇಯುತ್ತದೆ. ಅಲ್ಲಿ ವರ್ಜನೆ ದಿನಕ್ಕೆ ಸೇರಿದ್ದು, ಹುಟ್ಟಿಗಲ್ಲ. ಇನ್ನೊಂದು ಸಂಗತಿ: ಅಲ್ಲಿನ ಕ್ರೈಸ್ತರು ಮತ್ತು ಮುಸ್ಲಿಮರು ಸಾಮಾನ್ಯವಾಗಿ ಪರಸ್ಪರರು ಕೊಯ್ದ ಮಾಂಸ ತಿನ್ನುವುದಿಲ್ಲ. ಉಪವಾಸದ ಅಡುಗೆಗೆ ಆ ತೊಡಕಿಲ್ಲ. ಮಾಂಸವಿಲ್ಲದ ತಟ್ಟೆ ಅಲ್ಲಿ ಇಬ್ಬರನ್ನೂ ಒಟ್ಟಿಗೆ ಕೂರಿಸಬಲ್ಲದು.

ಇದನ್ನು ಆದರ್ಶವೆಂದು ಹೊಗಳಲು ನಾನು ಸಿದ್ಧನಿಲ್ಲ. ಅದೇ ದೇಶದ ಕಾಫಾ ಪ್ರದೇಶದಲ್ಲಿ ಮಂಜೊ ಸಮುದಾಯದವರು ತಿನ್ನುವ ಆಹಾರವನ್ನೇ ನೆಪವಾಗಿಸಿ, ಅವರೊಡನೆ ಉಣ್ಣಲು ಇತರರು ನಿರಾಕರಿಸುತ್ತ ಬಂದಿದ್ದಾರೆ. ನಾವಿರುವ ಜಪಾನಿನಲ್ಲೂ 675ರಲ್ಲಿ ತೆನ್ಮು ಚಕ್ರವರ್ತಿ ದನ, ಕುದುರೆ, ನಾಯಿ, ಕೋತಿ, ಕೋಳಿಗಳ ಮಾಂಸವನ್ನು ನಿಷೇಧಿಸಿದ. ಮುಂದಿನ ಶತಮಾನಗಳಲ್ಲಿ ಸತ್ತ ಪ್ರಾಣಿಗಳನ್ನು ಸಾಗಿಸಿ ತೊಗಲು ಹದ ಮಾಡಿದವರಿಗೆ ಮೈಲಿಗೆ ಅಂಟಿತು. 1871ರಲ್ಲಿ ಕಾಯಿದೆ ಆ ಹೀನ ಸ್ಥಾನವನ್ನು ಅಳಿಸಿದರೂ ಅವಮಾನ ಅಳಿಯಲಿಲ್ಲ. ಆದ್ದರಿಂದಲೇ 1922ರಲ್ಲಿ ಕ್ಯೋಟೊದಲ್ಲಿ ಅವರ ವಂಶಜರು ಸುಯಿಹೆಯಿಷಾ ಚಳವಳಿ ಕಟ್ಟಬೇಕಾಯಿತು.

ನಮ್ಮ ಕಥೆ ಬೇರೆಯೇ? 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲಾ ಮಕ್ಕಳಿಗೆ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ವಿರೋಧಿಸಿದರು. ತಾವು ತಿನ್ನದಿರುವುದು ಅವರ ವ್ರತ. ಹಸಿದ ಮಗುವಿನ ತಟ್ಟೆಯಿಂದ ತೆಗೆಸುವುದು ಅಧಿಕಾರ.

ಆದರೆ ಮಠಗಳನ್ನು ದೂರಿ ನಾನು ತಪ್ಪಿಸಿಕೊಳ್ಳಲಾರೆ. ಪಿಎಚ್.ಡಿ. ಮಾಡುತ್ತಿದ್ದ ದಿನಗಳಲ್ಲಿ, ಪರದೇಶದ ಕನ್ನಡ ಕೂಟವೊಂದರ ಯುಗಾದಿ ಊಟಕ್ಕೆ ಒಂದು ಕುಟುಂಬ ಕೋಳಿ ಸಾರು ತಂದಿತ್ತು. ಅವರ ಊರಿನಲ್ಲಿ ಯುಗಾದಿಯೆಂದರೆ ಮರುದಿನದ ಹೊಸತೊಡಕೂ ಹೌದು. ಪಾತ್ರೆಯನ್ನು ಕಾರಿನಲ್ಲೇ ಇಟ್ಟು ಬರುವಂತೆ ನಯವಾಗಿ ಹೇಳಲಾಯಿತು. ಅವರು ಪಾತ್ರೆಯೊಡನೆ ಹೋದವರು ಮರಳಲಿಲ್ಲ. ನಾನು ಕೋಸಂಬರಿ ತಿನ್ನುತ್ತ ಸುಮ್ಮನಿದ್ದೆ. ಆ ಮೌನವೂ ಪಂಕ್ತಿಭೇದವೇ.

ಇಥಿಯೋಪಿಯದಲ್ಲಿ ಗುರ್ಶಾ ಎಂಬ ರೂಢಿಯಿದೆ: ಇಂಜೆರಾದಲ್ಲಿ ಸುತ್ತಿದ ತುತ್ತನ್ನು ಪಕ್ಕದವರ ಬಾಯಿಗಿಡುವುದು. ಇಂದು ಗೆಳತಿ ನನಗೂ ಇಟ್ಟರು. ಬರುವ ಯುಗಾದಿಗೆ ನಮ್ಮ ಮೇಜಿನ ಮೇಲೆ ಕೋಸಂಬರಿಯೂ ಕೋಳಿ ಸಾರೂ ಇರಲಿ. ಯಾರಿಗೆ ಯಾವುದು ಬೇಕೋ ಅವರು ಬಡಿಸಿಕೊಳ್ಳಲಿ. ಯಾರ ಪಾತ್ರೆಯೂ ಕಾರಿಗೆ ಮರಳದಿದ್ದರೆ, ಗೆಳತಿಯ ಪ್ರಶ್ನೆಗೆ ಉತ್ತರ ಹೇಳಬಲ್ಲೆ.