ಸ್ಟೀಮ್ ಡೆಕ್ ಹೊಟ್ಟೆಯೊಳಗಿನ ವೈನ್

2022ರಲ್ಲಿ ಸ್ಟೀಮ್ ಡೆಕ್ ಬಂತಲ್ಲ, ಅದು ಓಡೋದು ಲಿನಕ್ಸ್ ಮೇಲೆ. ಆದ್ರೆ ಅದರಲ್ಲಿ ಆಡೋ ಹೆಚ್ಚಿನ ಗೇಮ್‌ಗಳು ವಿಂಡೋಸ್‌ಗೆ ಅಂತ ಬರೆದವು. ನಡುವೆ ನಿಂತು ಇಬ್ಬರಿಗೂ ಮಾತು ದಾಟಿಸೋದು ಪ್ರೋಟಾನ್. ಅದರ ಹೊಟ್ಟೆಯಲ್ಲಿರೋದು 1993ರಲ್ಲಿ ಶುರುವಾದ ವೈನ್. ಕುಡಿಯೋದಲ್ಲ ಮಾರಾಯ್ರೆ, ಸಾಫ್ಟ್‌ವೇರ್.

ಮೊದಲು ವೈನ್ ಲೈಸೆನ್ಸ್ ತುಂಬಾ ಧಾರಾಳ: ಯಾರು ಬೇಕಾದ್ರೂ ತಗೊಳ್ಳಿ, ಬದಲಿಸಿ, ಕೋಡ್ ಮುಚ್ಚಿಟ್ಟು ಮಾರಿ. ಟ್ರಾನ್ಸ್‌ಗೇಮಿಂಗ್ ಅನ್ನೋ ಕಂಪನಿ ಅದನ್ನೇ ಗೇಮ್‌ಗಳಿಗೆ ಹೊಂದಿಸಿ, ವೈನ್‌ಎಕ್ಸ್ ಅಂತ ಚಂದಾ ಇಟ್ಟು ಮಾರ್ತು. ಕಾನೂನು ಪ್ರಕಾರ ತಪ್ಪೇನಿಲ್ಲ. ಆದ್ರೆ ಆ ಸುಧಾರಣೆಗಳೆಲ್ಲ ಮೂಲ ವೈನ್‌ಗೆ ವಾಪಸ್ ಬರಲಿಲ್ಲ. 2002ರಲ್ಲಿ ವೈನ್ ತಂಡ ಎಲ್‌ಜಿಪಿಎಲ್ ಲೈಸೆನ್ಸ್‌ಗೆ ಬಂತು: ಬದಲಿಸಿ ಹಂಚಿದ್ರೆ, ಬದಲಿಸಿದ ಕೋಡನ್ನೂ ಕೊಡಲೇಬೇಕು.

ಬಿಕಾಂ ಓದಿದ ನನಗೆ ಇದು ಲೆಕ್ಕದ ಮಾತು. ಹಳೇದು ದಾನ, ಹೊಸದು ಮದುವೆಮನೆ ಮುಯ್ಯಿ. ತಿರುಗಿ ಬರಬೇಕು. ನನ್ನ ಓಟು ಮುಯ್ಯಿಗೇ.

2018ರಲ್ಲಿ ವಾಲ್ವ್ ಪ್ರೋಟಾನ್ ತಂದಾಗಲೂ ಇದೇ ಷರತ್ತು. ವೈನ್‌ಗೆ ಮಾಡಿದ ರಿಪೇರಿನ ಬಚ್ಚಿಡೋ ಹಾಗಿರಲಿಲ್ಲ. ಡೆಕ್ ಕೊಳ್ಳೋಕೆ ಕಾಸಿಲ್ಲದವರ ಹಳೇ ಲ್ಯಾಪ್‌ಟಾಪ್‌ಗೂ ಅದು ಸಿಗುತ್ತೆ.

ವ್ಯಾಲೊರಂಟ್ ಮಾತ್ರ ಕೇಳ್ಬೇಡಿ. ಅದರ ಆಂಟಿ-ಚೀಟ್ ಲಿನಕ್ಸನ್ನ ಒಳಗೇ ಬಿಡಲ್ಲ. ಆ ಕಥೆ ಮುಂದಿನ ಎಪಿಸೋಡ್‌ಗೆ.