ಆಪರೇಷನ್ ಮುಗಿದ ಮೇಲೆ

ಆರೋಗ್ಯದ ಬಗ್ಗೆ ಐದು ನಿಮಿಷ ಮಾತಾಡು ಎಂದು ವೇದಿಕೆಯ ಅಕ್ಕಂದಿರು ಕೇಳಿದಾಗ, ನಾನು ಸಾಫ್ಟ್‌ವೇರ್‌ನವಳು, ಡಾಕ್ಟರಲ್ಲ ಎಂದೆ. "ನಿನ್ನ ಕಾಲಿನ ಬಗ್ಗೆಯೇ ಹೇಳು" ಎಂದರು. ಸರಿ, ಹೇಳುತ್ತೇನೆ.

ನನ್ನ ಬಲ ಅಂಗಾಲಿನಲ್ಲಿದ್ದ ಕಪ್ಪು ಮಚ್ಚೆ ಮೆಲನೋಮಾ, ಅಂದರೆ ಚರ್ಮದ ಕ್ಯಾನ್ಸರಿನ ಒಂದು ಬಗೆ. ಬಿಳಿಯರಿಗೆ ಬಿಸಿಲಿನಿಂದ ಬರುವ ಕಾಯಿಲೆ ಎಂದು ಕೇಳಿರುತ್ತೀರಿ. ನಮ್ಮ ಮೈಬಣ್ಣದವರಲ್ಲಿ ಅದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಬಿಸಿಲು ಬೀಳದ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ. ನನಗದು ತೊಡೆಸಂದಿನ ದುಗ್ಧರಸ ಗ್ರಂಥಿಗಳಿಗೂ ಹರಡಿ, ಕೈಗೆ ಸಿಗುವಷ್ಟು ದೊಡ್ಡ ಗಂಟಾಗಿತ್ತು. ಆ ಭಾಗದ ಗ್ರಂಥಿಗಳನ್ನೆಲ್ಲ ತೆಗೆದರು.

ಆಮೇಲಿನದೇ ದೊಡ್ಡ ಕಥೆ. ಗಾಯದಿಂದ ಹೊರಗೆ ಒಂದು ಕೊಳವೆ, ಅದರ ತುದಿಗೆ ಡಬ್ಬಿ. ದಿನಾ ಬೆಳಿಗ್ಗೆ ಅಮ್ಮ ಅದರಲ್ಲಿ ಬಿದ್ದ ನೀರನ್ನು ಅಳೆದು, ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆಯುತ್ತಿದ್ದರು: 120, 90, 95. ದಿನಕ್ಕೆ 30 ಮಿಲಿಲೀಟರಿಗಿಂತ ಕೆಳಗೆ ಇಳಿದ ಮೇಲೆ ತೆಗೆಯುತ್ತೇವೆ ಎಂದಿದ್ದರು ಡಾಕ್ಟರು. ಮೂರು ವಾರ ಹಿಡಿಯಿತು. ತೆಗೆದ ಮೇಲೂ ಒಳಗೆ ನೀರು ತುಂಬಿತು. ಅದಕ್ಕೆ ಸೆರೋಮಾ ಎನ್ನುತ್ತಾರೆ. ಎರಡು ಸಲ ಸೂಜಿ ಹಾಕಿ ಹೀರಿದರು. ಸೋಂಕಾಗಿ ಹೊಲಿಗೆ ಒಂದು ಕಡೆ ಬಿಟ್ಟುಕೊಂಡಿತು. ಮಡಿಚುವ, ಬೆವರುವ ಜಾಗ, ಗಾಯ ಬೇಗ ಮಾಯುವುದಿಲ್ಲ. ತೊಡೆಯ ಮುಂಭಾಗ ಇವತ್ತಿಗೂ ಜೋಮು.

ಗಾಯವೇನೋ ಮಾಯಿತು. ಉಳಿದುಕೊಂಡದ್ದು ಬಾವು, ಲಿಂಫೆಡೀಮಾ. ಕಾಲಿನಿಂದ ಮೇಲಕ್ಕೆ ಹೋಗಬೇಕಾದ ದ್ರವಕ್ಕೆ ದಾರಿ ಸಾಲದೆ ಕೆಳಗೇ ನಿಲ್ಲುತ್ತದೆ. "ಆನೆಕಾಲು ರೋಗವೇನೇ?" ಎಂದು ನೆಂಟರೊಬ್ಬರು ಕೇಳಿದರು. ಪೂರ್ತಿ ತಪ್ಪಲ್ಲ. ಅಲ್ಲಿ ಸೊಳ್ಳೆಯಿಂದ ಬಂದ ಹುಳು ಆ ದಾರಿ ಕೆಡಿಸುತ್ತದೆ, ನನಗೆ ಸರ್ಜನ್‌ರ ಕತ್ತರಿ.

ಬೆಳಿಗ್ಗೆ ಎದ್ದ ಕೂಡಲೇ, ಅಳತೆ ಕೊಟ್ಟು ತರಿಸಿದ ಬಿಗಿ ಸ್ಟಾಕಿಂಗ್ ಏರಿಸಬೇಕು, ಪುಣೆಯ ಮೇ ತಿಂಗಳಲ್ಲೂ. ರಾತ್ರಿ ಬೆರಳ ಸಂದುಗಳನ್ನು ಒರೆಸಿ ಒಣಗಿಸಿ ಕ್ರೀಮ್ ಹಚ್ಚಬೇಕು. ಬರಿಗಾಲು ಬಂದ್. ದೇವಸ್ಥಾನದಲ್ಲಿ ಸಾಕ್ಸ್ ಹಾಕಿಕೊಂಡೇ ಪ್ರದಕ್ಷಿಣೆ. ಅರ್ಚಕರು ಏನೂ ಅನ್ನಲಿಲ್ಲ, ಹಿಂದೆ ಬರುತ್ತಿದ್ದವರು ಅಂದರು! ಒಮ್ಮೆ ಕಾಲು ಕೆಂಪಾಗಿ, ಸುಡುವಷ್ಟು ಬಿಸಿಯಾಗಿ, ಚಳಿಜ್ವರ ಬಂತು. ಅದು ಸೆಲ್ಯುಲೈಟಿಸ್. ಅದಕ್ಕೆ ಅದೇ ದಿನ ಆಂಟಿಬಯೋಟಿಕ್ ಬೇಕು. ಅರಿಸಿನ ಹಚ್ಚಿ ನಾಳೆ ನೋಡೋಣ ಅನ್ನುವ ಹಾಗಿಲ್ಲ.

ಇನ್ನೊಂದು ಮಾತು. 2017ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಮೊದಲ 'ಕಾವಲು ಗ್ರಂಥಿ'ಯ ಪರೀಕ್ಷೆಯಲ್ಲಷ್ಟೇ ರೋಗ ಕಂಡವರಿಗೆ ಉಳಿದವನ್ನೂ ತಕ್ಷಣ ತೆಗೆದದ್ದರಿಂದ ಆಯಸ್ಸು ಹೆಚ್ಚಲಿಲ್ಲ. ಬಾವು ಬಂದವರು ಮಾತ್ರ ನೂರಕ್ಕೆ 24. ತೆಗೆಯದೆ ಸ್ಕ್ಯಾನ್ ಮಾಡುತ್ತ ಕಾದವರಲ್ಲಿ 6. ನನ್ನಂತೆ ಗಂಟು ಕೈಗೆ ಸಿಕ್ಕವರದು ಬೇರೆ ವಿಷಯ. ಆದರೂ "ನನಗೆ ಎಲ್ಲವನ್ನೂ ತೆಗೆಯಲೇಬೇಕೆ?" ಎಂದು ಡಾಕ್ಟರನ್ನು ಕೇಳುವುದಕ್ಕೆ ಸಂಕೋಚ ಬೇಡ.

ಸಂಕೋಚ ಅಂದೆನಲ್ಲ, ಅಮ್ಮ ಇವತ್ತಿಗೂ ಎಲ್ಲರ ಮುಂದೆ ಹೇಳುವುದು "ಕಾಲಿನ ಆಪರೇಷನ್" ಎಂದೇ. ತೊಡೆಸಂದು ಅನ್ನುವ ಪದ ಅವರ ಬಾಯಿಗೆ ಬರುವುದಿಲ್ಲ. ಸೀರೆಯೊಳಗೆ ಬಾವು ಮುಚ್ಚಿಟ್ಟುಕೊಳ್ಳುವುದೂ ಸುಲಭ. ಆದರೆ ಬಾವು ಹಿಡಿತಕ್ಕೆ ಸಿಗುವುದು ಶುರುವಿನಲ್ಲೇ.

ಹಳೆಯ ಸ್ಟಾಕಿಂಗ್ ಒಂದನ್ನು ಚೀಲದಲ್ಲಿ ತಂದಿದ್ದೇನೆ, ತೊಳೆದದ್ದೇ. ಚಹಾ ಹೊತ್ತಿಗೆ ಬನ್ನಿ, ಎಳೆದು ನೋಡಿ.