ಮೈಯೊಳಗಿನ ಗಂಟೆ

ಪರಶುರಾಂಪುರದ ಮಕ್ಕಳೇ, ಬಿಸಿಯೂಟ ಮುಗಿಸಿ ಕೈ ತೊಳೆದು ಬಂದಿರಾ? ಹಾಗಾದರೆ ಈಗ ನಿಮ್ಮ ಮೈಯೊಳಗೆ ಒಂದು ಸೊಗಸಾದ ಕೆಲಸ ನಡೆಯುತ್ತಿದೆ. ಅದು ಕಣ್ಣಿಗೆ ಕಾಣದು, ಕಿವಿಗೆ ಕೇಳದು. ಆದರೂ ಮನಸ್ಸಿನಲ್ಲಿ ಅದರ ಚಿತ್ರ ಬಿಡಿಸಬಹುದು. ಬನ್ನಿ, ಜೊತೆಯಲ್ಲೇ ಬಿಡಿಸೋಣ.

ಮೊದಲು ಒಂದು ಪುಟ್ಟ ಪ್ರಯೋಗ. ನಾಳೆ ಉಣ್ಣುವಾಗ ಒಂದು ತುತ್ತು ಬರೀ ಅನ್ನ ಬಾಯಿಗೆ ಹಾಕಿಕೊಳ್ಳಿ. ನುಂಗಬೇಡಿ, ಅಗಿಯುತ್ತಲೇ ಇರಿ. ಸ್ವಲ್ಪ ಹೊತ್ತಿಗೆ ನಾಲಿಗೆಗೆ ಸಿಹಿ ಹತ್ತುತ್ತದೆ! ಅನ್ನಕ್ಕೆ ಯಾರೂ ಬೆಲ್ಲ ಹಾಕಿರಲಿಲ್ಲ. ಅನ್ನದೊಳಗೇ ಅಡಗಿದ್ದ ಸಕ್ಕರೆಯನ್ನು ನಿಮ್ಮ ಜೊಲ್ಲು ಬಿಡಿಸಿತು. ರಾಗಿ ಮುದ್ದೆ, ನವಣೆ ಅನ್ನ, ಜೋಳದ ರೊಟ್ಟಿ ಎಲ್ಲದರೊಳಗೂ ಹೀಗೇ ಸಕ್ಕರೆ ಅಡಗಿದೆ. ಕರುಳು ಉಳಿದ ಕೆಲಸ ಮುಗಿಸುತ್ತದೆ. ಗ್ಲೂಕೋಸ್ ಎಂಬ ಸಕ್ಕರೆ ಕರುಳಿನಿಂದ ರಕ್ತಕ್ಕೆ ಇಳಿಯುತ್ತದೆ.

ರಕ್ತದಲ್ಲಿ ಎಷ್ಟು ಸಕ್ಕರೆ ಇರುತ್ತದೆ? ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತವಿದೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿದ್ದಾಗ ಅಷ್ಟೂ ರಕ್ತದಲ್ಲಿರುವ ಸಕ್ಕರೆ ಬರೀ 5 ಗ್ರಾಂ, ಹೆಚ್ಚುಕಡಿಮೆ ಒಂದು ಟೀ ಚಮಚ. ಊಟವಾದ ಮೇಲೆ ಅದಕ್ಕಿಂತ ಎಷ್ಟೋ ಹೆಚ್ಚು ಸಕ್ಕರೆ ಒಳಗೆ ಬರುತ್ತದೆ. ಅದು ರಕ್ತದಲ್ಲೇ ನಿಂತುಬಿಟ್ಟರೆ ಕಷ್ಟ. ಮೈಯ ಎಲ್ಲ ಮೂಲೆಗೂ ಹಂಚಿಹೋಗಬೇಕು. ಹಂಚುವ ಹೊತ್ತಾಯಿತೆಂದು ಹೇಳುವವರು ಯಾರು?

ಈಗ ನಿಮ್ಮ ಶಾಲೆಯ ಗಂಟೆಯನ್ನು ನೆನಪಿಸಿಕೊಳ್ಳಿ. ಢಣ್ ಎಂದು ಬಾರಿಸಿದರೆ ಸದ್ದು ಬಯಲಿಗೂ ಹೋಗುತ್ತದೆ, ರಸ್ತೆಗೂ ಹೋಗುತ್ತದೆ, ಬೇವಿನ ಮರದ ಮೇಲಿನ ಕಾಗೆಗೂ ಕೇಳುತ್ತದೆ. ಆದರೆ ಎದ್ದು ಸಾಲಾಗಿ ನಿಲ್ಲುವವರು ನೀವು ಮಾತ್ರ. ಕಾಗೆ ತನ್ನ ಪಾಡಿಗೆ ಕೂತಿರುತ್ತದೆ. ಹಾರ್ಮೋನು ಎಂಬುದೂ ಅಂಥ ಗಂಟೆಯೇ. ಒಂದು ಗ್ರಂಥಿ ಅದನ್ನು ರಕ್ತಕ್ಕೆ ಬಿಡುತ್ತದೆ, ರಕ್ತ ಅದನ್ನು ಮೈತುಂಬ ಒಯ್ಯುತ್ತದೆ, ಅದು ಅರ್ಥವಾಗುವ ಅಂಗಗಳು ಮಾತ್ರ ಕೆಲಸಕ್ಕೆ ಏಳುತ್ತವೆ.

ನಮ್ಮ ಜಠರದ ಹಿಂದೆ ಅಡ್ಡಲಾಗಿ ಮೇದೋಜೀರಕ ಗ್ರಂಥಿ ಮಲಗಿದೆ. ರಕ್ತದಲ್ಲಿ ಸಕ್ಕರೆ ಏರಿದ ಕೂಡಲೇ ಅದು ಬಾರಿಸುವ ಗಂಟೆಯ ಹೆಸರು ಇನ್ಸುಲಿನ್. ಕೇಳಿಸಿಕೊಂಡ ಸ್ನಾಯುಗಳೂ ಕೊಬ್ಬಿನ ಜೀವಕೋಶಗಳೂ ಸಕ್ಕರೆಯನ್ನು ಒಳಗೆ ಸೇರಿಸಿಕೊಳ್ಳುತ್ತವೆ, ಯಕೃತ್ತು ಒಂದಷ್ಟನ್ನು ಕೂಡಿಡುತ್ತದೆ. ನೀವು ಕಬಡ್ಡಿ ಆಡುವಾಗ ಕಾಲಿಗೆ ಕಸುವು ಬರುವುದು ಹೀಗೆ ಕೂಡಿಟ್ಟ ಸಕ್ಕರೆಯಿಂದಲೂ ಹೌದು.

ಕೆಲವು ಮಕ್ಕಳಲ್ಲಿ ಗಂಟೆ ಬಾರಿಸುವ ಜೀವಕೋಶಗಳೇ ನಾಶವಾಗಿರುತ್ತವೆ. ಹಿಂದೆ ಅಂಥ ಮಕ್ಕಳು ಹೆಚ್ಚು ದಿನ ಬದುಕುತ್ತಿರಲಿಲ್ಲ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಇನ್ಸುಲಿನ್ನನ್ನು ಚುಚ್ಚಿ ಕೊಟ್ಟರು, ಅವನು ಚೇತರಿಸಿಕೊಂಡ. ನಿಮ್ಮ ತರಗತಿಯಲ್ಲೂ ದಿನಾ ಇನ್ಸುಲಿನ್ ಚುಚ್ಚಿಕೊಳ್ಳುವ ಗೆಳೆಯನೋ ಗೆಳತಿಯೋ ಇರಬಹುದು. ಇದೂ ಒಂದು ಬಗೆಯ ಸಕ್ಕರೆ ಕಾಯಿಲೆ, ಅಂಟುವ ಕಾಯಿಲೆ ಅಲ್ಲವೇ ಅಲ್ಲ. ಪಕ್ಕದಲ್ಲೇ ಕೂತು ಉಣ್ಣಿ, ಆಡಲು ಕರೆಯಿರಿ.

ನಿಮ್ಮ ಅಜ್ಜ ಅಜ್ಜಿಯರು ಸಕ್ಕರೆ ಕಾಯಿಲೆ ಎನ್ನುತ್ತಾರಲ್ಲ, ಅದು ಸಾಮಾನ್ಯವಾಗಿ ಬೇರೆ ಬಗೆಯದು. ಗಂಟೆ ಬಾರಿಸುತ್ತಿರುತ್ತದೆ, ಆದರೆ ಮೈಗೆ ಅದು ಸರಿಯಾಗಿ ಕೇಳಿಸದು. ಗ್ರಂಥಿ ಇನ್ನೂ ಜೋರಾಗಿ ಬಾರಿಸುತ್ತದೆ, ಬಾರಿಸಿ ಬಾರಿಸಿ ಕೊನೆಗೆ ಸೋಲುತ್ತದೆ. ಇದು ಕೆಲವರಿಗೆ ಮಾತ್ರ ಏಕೆ ಬರುತ್ತದೆ? ಹುಡುಕುತ್ತಾ ಹೋದರೆ ನಮ್ಮ ಕರ್ನಾಟಕದಲ್ಲೇ ಒಂದು ಬಲು ಚೆಂದದ ಕಥೆ ಸಿಗುತ್ತದೆ.

ನಮ್ಮ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿಶಾಲ ಆವರಣವಿದೆ. ಅದನ್ನು ನೋಡಿದವರಿಗೆ, ಸಂಶೋಧನೆಗೆ ಅಷ್ಟು ದೊಡ್ಡ ಜಾಗವೇ ಬೇಕು ಅನಿಸಬಹುದು. ಆದರೆ ನಾನು ಹೇಳಹೊರಟ ಕಥೆ ನಡೆದದ್ದು ಮೈಸೂರಿನಲ್ಲಿ, ಅದಕ್ಕೆ ಬೇಕಾದದ್ದು ಒಂದು ತಕ್ಕಡಿ, ಒಂದು ಅಳತೆ ಪಟ್ಟಿ, ಒಂದು ಪುಸ್ತಕ. ಅಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಇದೆ, ಜನ ಮಿಷನ್ ಆಸ್ಪತ್ರೆ ಎನ್ನುತ್ತಾರೆ. ಅಲ್ಲಿ 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಬರೆದವರಿಗೆ ಮುಂದೆ ಅದು ಯಾವ ಕೆಲಸಕ್ಕೆ ಬಂದೀತೆಂದು ಗೊತ್ತಿರಲು ಸಾಧ್ಯವಿರಲಿಲ್ಲ. ಆದರೂ ಅಚ್ಚುಕಟ್ಟಾಗಿ ಬರೆದರು. ಆ ಕೈಗಳಿಗೆ ನಾನು ನಮಸ್ಕರಿಸುತ್ತೇನೆ.

1990ರ ದಶಕದಲ್ಲಿ ಸಂಶೋಧಕರು ಆ ಪುಸ್ತಕಗಳನ್ನು ತೆರೆದರು. 1934ರಿಂದ 1954ರವರೆಗೆ ಅಲ್ಲಿ ಹುಟ್ಟಿದವರನ್ನು ಆಸ್ಪತ್ರೆಯ ಸುತ್ತಲಿನ ಮನೆ ಮನೆಗಳಲ್ಲಿ ಹುಡುಕಿದರು. ಅಂದಿನ ಕೂಸುಗಳು ಅಷ್ಟರಲ್ಲಿ ನಡುವಯಸ್ಸಿನವರಾಗಿದ್ದರು! ಸುಮಾರು 500 ಜನರ ರಕ್ತ ಪರೀಕ್ಷಿಸಿದಾಗ ನೂರಕ್ಕೆ 15 ಮಂದಿಯಲ್ಲಿ ಸಕ್ಕರೆ ಕಾಯಿಲೆ ಕಂಡಿತು. ಹುಟ್ಟುವಾಗ ತೀರಾ ಸಣ್ಣಗಿದ್ದವರಲ್ಲೇ ಈ ಕಾಯಿಲೆ ಹೆಚ್ಚೆಂದು ಇಂಗ್ಲೆಂಡಿನಲ್ಲಿ ಕಂಡುಬಂದಿತ್ತು. ಮೈಸೂರಿನ ಪುಸ್ತಕ ಬೇರೆಯದೇ ಹೇಳಿತು. ಗಿಡ್ಡಗೆ, ದುಂಡಗೆ ಹುಟ್ಟಿದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಕಾಯಿಲೆ ಹೆಚ್ಚಿತ್ತು.

ಇದೇಕೆ ಹೀಗೆ? ಸಂಶೋಧಕರು ಒಂದು ಊಹೆ ಮಾಡಿದರು. ಬಸುರಿನಲ್ಲಿ ಆ ತಾಯಂದಿರ ರಕ್ತದಲ್ಲಿ ಸಕ್ಕರೆ ಏರಿತ್ತೇನೋ? ಇಲ್ಲಿ ನಿಧಾನವಾಗಿ ಯೋಚಿಸಿ. ತಾಯಿಯ ಸಕ್ಕರೆ, ತಾಯಿಯನ್ನೂ ಕೂಸನ್ನೂ ಬೆಸೆಯುವ ಮಾಸಿನ ಮೂಲಕ ಕೂಸಿಗೆ ದಾಟುತ್ತದೆ, ಆದರೆ ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಸಕ್ಕರೆ ಬಂತು, ಗಂಟೆ ಬರಲಿಲ್ಲ! ಆಗ ಹೊಟ್ಟೆಯೊಳಗಿನ ಪುಟ್ಟ ಕೂಸು ತನ್ನದೇ ಗಂಟೆಯನ್ನು ಜೋರಾಗಿ ಬಾರಿಸಬೇಕು. ಹೆಚ್ಚಿನ ಸಕ್ಕರೆ ಕೊಬ್ಬಾಗಿ ಕೂಡುತ್ತದೆ, ಕೂಸು ದುಂಡಗಾಗುತ್ತದೆ.

ಊಹೆ ಮಾಡಿದರೆ ಸಾಲದು, ನೋಡಬೇಕು. 1997ರಲ್ಲಿ ಅದೇ ಆಸ್ಪತ್ರೆಯಲ್ಲಿ ಹೊಸ ಅಧ್ಯಯನ ಶುರುವಾಯಿತು. ಮೈಸೂರಿನ ಡಾ. ಜಿ.ವಿ. ಕೃಷ್ಣವೇಣಿ, ಇಂಗ್ಲೆಂಡಿನ ಡಾ. ಕ್ಯಾರೊಲಿನ್ ಫಾಲ್ ಮತ್ತು ಅವರ ಸಂಗಡಿಗರು ಇದರಲ್ಲಿ ದುಡಿದರು. ಬಸುರಿಯರಿಗೆ ಗ್ಲೂಕೋಸ್ ನೀರು ಕುಡಿಸಿ ರಕ್ತ ಪರೀಕ್ಷಿಸಿದಾಗ ನೂರಕ್ಕೆ ಸುಮಾರು 6 ಮಂದಿಯಲ್ಲಿ ಬಸುರಿನ ಸಕ್ಕರೆ ಕಾಯಿಲೆ ಇತ್ತು. ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಕರೆದು ಅಳೆದು ನೋಡಿದರು. ಬಸುರಿನಲ್ಲಿ ಸಕ್ಕರೆ ಕಾಯಿಲೆ ಇದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ 5ನೇ ವಯಸ್ಸಿಗೇ ಚರ್ಮದಡಿಯ ಕೊಬ್ಬು ಹೆಚ್ಚಿತ್ತು, ಇನ್ಸುಲಿನ್ನೂ ಹೆಚ್ಚಿತ್ತು. ಅಷ್ಟು ಎಳೆಯ ವಯಸ್ಸಿನಲ್ಲೇ ಗಂಟೆ ಜೋರಾಗಿ ಬಾರಿಸಬೇಕಾಗಿತ್ತು. ಕಾಯಿಲೆ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ, ತಾಯಿ ಬಸುರಿಯಾಗಿದ್ದಾಗಲೇ ಕಾಳಜಿ ಶುರುವಾಗಬೇಕು ಎಂಬ ಅರಿವು ಗಟ್ಟಿಯಾಗಲು ಇಂಥ ಅಧ್ಯಯನಗಳೂ ಕಾರಣ. ಇಂದು ಬಸುರಿಯರ ರಕ್ತದ ಸಕ್ಕರೆಯನ್ನೂ ಪರೀಕ್ಷಿಸುತ್ತಾರೆ.

ನಿಮ್ಮ ಓಣಿಯ ಅಂಗನವಾಡಿಯಲ್ಲೂ ಮಕ್ಕಳನ್ನು ತೂಗಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಇವತ್ತು ಮನೆಗೆ ಹೋಗಿ ಅಮ್ಮನನ್ನು ಕೇಳಿ, ತಾಯಿ ಕಾರ್ಡ್ ಎಲ್ಲಿದೆ ಎಂದು. ಹುಟ್ಟಿದಾಗ ನಿಮ್ಮ ತೂಕ ಎಷ್ಟಿತ್ತೆಂದು ನೋಡಿ, ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಪಕ್ಕದಲ್ಲಿ ಈ ವರ್ಷದ ತೂಕ, ಎತ್ತರವನ್ನೂ ತಾರೀಖಿನ ಸಮೇತ ಬರೆಯಿರಿ. ಮುಂದಿನ ಹುಟ್ಟುಹಬ್ಬಕ್ಕೆ ಮತ್ತೆ ಅಳೆದು ಅದರ ಕೆಳಗೇ ಬರೆಯಿರಿ.